ರೊಟ್ಟಿ ಯಾರು ಬಡಿಯಬೇಕು ಎಂದು ಕೇಳಿದ ತಾಯಿಗೆ, ಮತ್ತು ಈ ಅಧ್ಯಯನಕ್ಕೆ ಕೈಜೋಡಿಸಿದ ಎಲ್ಲರಿಗೆ

ತಾಯಂದಿರ, ಹದಿಹರೆಯದವರ ಮತ್ತು ಮಕ್ಕಳ ಆರೋಗ್ಯವನ್ನು ಕುರಿತ ನನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಕಳೆದ ವಾರ ವಿಶ್ವವಿದ್ಯಾಲಯದ ಒಪ್ಪಿಗೆ ದೊರೆಯಿತು. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಕಾಂಗರೂ ತಾಯಿ ಆರೈಕೆ, ಅಂದರೆ ಕೂಸನ್ನು ಬರಿಯೆದೆಗೆ ಹಾಕಿಕೊಂಡು ಬೆಚ್ಚಗಿಡುವ ಪದ್ಧತಿ, ಮುಂದುವರಿಯುತ್ತದೆಯೇ, ಮುಂದುವರಿದರೆ ಯಾರ ನೆರವಿನಿಂದ, ನಿಂತುಹೋದರೆ ಯಾವ ಕಾರಣದಿಂದ ಎಂಬುದು ಪ್ರಬಂಧದ ವಿಷಯ; ಕ್ಷೇತ್ರಕಾರ್ಯ ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿ. ಪ್ರಬಂಧದ ಮೊದಲ ಪುಟಗಳಲ್ಲಿ ವಾಡಿಕೆಯಂತೆ ಇಂಗ್ಲಿಷಿನಲ್ಲಿ ಕೆಲವು ಸಾಲಿನ ಕೃತಜ್ಞತೆ ಇದೆ. ಆದರೆ ಅದು ಯಾರಿಗೆ ಸಲ್ಲಬೇಕೋ ಅವರಲ್ಲಿ ಹೆಚ್ಚಿನವರು ಆ ಪುಟವನ್ನು ನೋಡುವುದಿಲ್ಲ, ನೋಡಿದರೂ ಓದಲಾರರು. ಆದ್ದರಿಂದ ಅದೇ ಮಾತನ್ನು ಕನ್ನಡದಲ್ಲಿ, ಸ್ವಲ್ಪ ವಿವರವಾಗಿಯೇ, ಎಲ್ಲರ ಎದುರು ಹೇಳಬೇಕೆನಿಸಿದೆ.

ಈ ಆರೈಕೆಯ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ಅದರ ಹಿನ್ನೆಲೆ. 1978ರಲ್ಲಿ ಕೊಲಂಬಿಯಾದ ರಾಜಧಾನಿ ಬೊಗೊಟಾದ ತಾಯಿ-ಮಕ್ಕಳ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ, ಇಕ್ಕಟ್ಟಿನಲ್ಲಿ ಸೋಂಕು ಹರಡಿ ಕೂಸುಗಳು ತೀರಿಕೊಳ್ಳುತ್ತಿದ್ದಾಗ, ಡಾ. ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ತಾಯಿಯ ಬರಿಯೆದೆಯ ಮೇಲೆ ನೆಟ್ಟಗೆ ಮಲಗಿಸಿ, ಬಟ್ಟೆಯಿಂದ ಬಿಗಿದು, ಎದೆಹಾಲನ್ನೇ ಕುಡಿಸುವ ಪದ್ಧತಿಯನ್ನು ಆರಂಭಿಸಿದರು. ಅವರ ಸಹೋದ್ಯೋಗಿ ಡಾ. ಹೆಕ್ಟರ್ ಮಾರ್ಟಿನೆಸ್ ಅದನ್ನು ಬೆಳೆಸಿದರು. ತಾಯಿಯ ಮೈಶಾಖದಿಂದ ಕೂಸಿನ ಮೈ ತಣ್ಣಗಾಗುವುದು ತಪ್ಪುತ್ತದೆ, ಹಾಲು ಕುಡಿಯುವುದು ಹೆಚ್ಚುತ್ತದೆ, ಸೋಂಕು ಕಡಿಮೆಯಾಗುತ್ತದೆ, ಉಸಿರಾಟದಲ್ಲಿ ಏರುಪೇರಾದರೆ ತಾಯಿಗೇ ಮೊದಲು ಗೊತ್ತಾಗುತ್ತದೆ. ಘಾನಾ, ಭಾರತ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳಿಗೆ ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ ಮೊದಲ 28 ದಿನಗಳ ಸಾವಿನ ಪ್ರಮಾಣ ಶೇ. 15.7ರಿಂದ ಶೇ. 12ಕ್ಕೆ ಇಳಿದಿತ್ತು. ಲಾಭ ಅಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು, ಮತ್ತು 2022ರಲ್ಲಿ ಸಂಸ್ಥೆಯು ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ನಡೆಯಬೇಕೆಂದು ಶಿಫಾರಸು ಮಾಡಿತು.

ಎಂಟು ಗಂಟೆ ಎಂಬುದು ಮಾರ್ಗಸೂಚಿಯಲ್ಲಿ ಒಂದು ಅಂಕಿ. ಬಾಣಂತಿಯ ಮನೆಯಲ್ಲಿ ಅದು ಹಗಲಿನ ಬಹುಪಾಲು. ಇದನ್ನು ನನಗೆ ಮನಗಾಣಿಸಿದ್ದು ಕುಷ್ಟಗಿ ಸೀಮೆಯ ಒಬ್ಬ ತಾಯಿ. ಅವರಿಗೆ ಇದು ಮೂರನೆಯ ಹೆರಿಗೆ. ಈ ಆರೈಕೆ ಯಾಕೆ ಬೇಕೆಂಬುದನ್ನು ಅವರು ಸ್ಪಷ್ಟವಾಗಿ ಬಲ್ಲವರಾಗಿದ್ದರು. ಕೂಸಿನ ಅಂಗಾಲು ಮುಟ್ಟಿ ಮೈ ತಣ್ಣಗಾಗಿದೆಯೇ ಎಂದು ನೋಡುವುದನ್ನೂ, ಅದರ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಮೂಗು ಮುಚ್ಚದಂತೆ ಇರಿಸುವುದನ್ನೂ ನನಗೇ ತೋರಿಸಿಕೊಟ್ಟರು. ಮನೆಗೆ ಬಂದ ಮೇಲೆ ಎಷ್ಟು ಹೊತ್ತು ಎದೆಗೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದಾಗ, "ಕೂಸು ಎದಿ ಮ್ಯಾಲ ಇದ್ರ ರೊಟ್ಟಿ ಯಾರು ಬಡೀತಾರ್ರಿ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಉತ್ತರ ಬೇಕಾಗಿದ್ದ ನಿಜವಾದ ಪ್ರಶ್ನೆ ಅದಾಗಿತ್ತು. ಉರಿಯುವ ಒಲೆಯ ಮುಂದೆ ಕೂಸನ್ನು ಎದೆಗೆ ಕಟ್ಟಿಕೊಂಡು ಕೂರಲು ಆಗುವುದಿಲ್ಲ, ಕೂರಲೂಬಾರದು. ನೀರು ತರುವುದು, ಬಟ್ಟೆ ಒಗೆಯುವುದು, ದೊಡ್ಡ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವುದು, ಹತ್ತಿ ಬಿಡಿಸುವ ಕಾಲವಾದರೆ ಮನೆಯ ಉಳಿದವರೆಲ್ಲ ಹೊಲಕ್ಕೆ ಹೋಗಿರುವುದು, ಇವೆಲ್ಲ ಆ ಪ್ರಶ್ನೆಯೊಳಗೆ ಇದ್ದವು. ಪ್ರಬಂಧದ ಮುಖ್ಯ ಅಧ್ಯಾಯ ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಮೀಸಲಾಯಿತು. ತಾಯಂದಿರಿಗೆ ತಿಳಿವಳಿಕೆ ಸಾಲದು ಎಂದು ಬರೆಯುವುದು ನಮ್ಮಂತಹ ವಿದ್ಯಾರ್ಥಿಗಳಿಗೆ ಬಹಳ ಸುಲಭ, ಹಾಗೆ ಬರೆದ ವರದಿಗಳು ಬೇಕಾದಷ್ಟಿವೆ. ಸಾಲದಿರುವುದು ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಕೈಗಳು ಎಂಬುದನ್ನು ಒಂದೇ ಮಾತಿನಲ್ಲಿ ತಿಳಿಸಿದ ಆ ತಾಯಿಗೆ ನನ್ನ ಮೊದಲ ನಮಸ್ಕಾರ.

ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟವರೂ ಇದೇ ಜಿಲ್ಲೆಯ ಮನೆಗಳವರು. ಸೊಸೆ ಊಟ ಮಾಡಿ ಮಲಗಲೆಂದು ಮೊಮ್ಮಗಳನ್ನು ತಮ್ಮ ಎದೆಗೆ ಹಾಕಿಕೊಂಡು, ಸೀರೆಯ ಸೆರಗಿನಿಂದ ಬಿಗಿದು, ನಮ್ಮೊಂದಿಗೆ ಮಾತಾಡುತ್ತಲೇ ಮಧ್ಯಾಹ್ನವೆಲ್ಲ ಗೋಡೆಗೊರಗಿ ಕೂತ ಒಬ್ಬ ಅತ್ತೆಯವರಿದ್ದರು. ತಮ್ಮ ಹೆರಿಗೆಗಳ ಕಾಲದಲ್ಲಿ ಇಷ್ಟು ಸಣ್ಣ ಕೂಸು ಉಳಿಯುತ್ತದೆಂದು ಯಾರೂ ನಂಬುತ್ತಿರಲಿಲ್ಲ ಎಂದು ಅವರು ಹೇಳಿದರು. ದುಡಿಯಲು ಗುಳೆ ಹೋಗಿದ್ದ ಊರಿನಿಂದ ಹೆರಿಗೆಯ ಸುದ್ದಿ ಕೇಳಿ ಬಂದು, ಅಂಗಿ ಕಳಚಿ ಮಗುವನ್ನು ಎದೆಗೆ ಹಾಕಿಕೊಳ್ಳಲು ಮೊದಲು ನಾಚಿಕೊಂಡರೂ, ಕೂಲಿಗೆ ಮರಳುವ ದಿನದವರೆಗೆ ರಾತ್ರಿಯ ಪಾಳಿಯನ್ನು ತಾವೇ ವಹಿಸಿಕೊಂಡ ಒಬ್ಬ ತಂದೆ ಇದ್ದರು. ತವರಿನಲ್ಲಿ ಬಾಣಂತನ ನಡೆಯುತ್ತಿದ್ದ ಮನೆಗಳಲ್ಲಿ ಅವ್ವ, ಅಕ್ಕ-ತಂಗಿಯರು, ನೆರೆಮನೆಯ ಹೆಂಗಸರು ಸರದಿಯ ಮೇಲೆ ಕೆಲಸ ಹಂಚಿಕೊಂಡದ್ದನ್ನು ಕಂಡೆ. ನಮ್ಮ ಬಾಣಂತನದ ಪದ್ಧತಿಯಲ್ಲಿ ಕೂಸಿಗೆ ಹಿತವಲ್ಲದ ಕೆಲವು ರೂಢಿಗಳಿವೆ, ಮುಚ್ಚಿದ ಕೋಣೆಯ ಹೊಗೆ ಅವುಗಳಲ್ಲಿ ಒಂದು. ಆದರೆ ಹೆತ್ತವಳಿಗೆ ಕೆಲವು ವಾರಗಳ ಮಟ್ಟಿಗಾದರೂ ಬೇರೆ ಕೆಲಸವಿರಬಾರದು ಎಂಬ ಅದರ ಮೂಲ ತಿಳಿವಳಿಕೆಗಿಂತ ಕಾಂಗರೂ ಆರೈಕೆಗೆ ದೊಡ್ಡ ಆಸರೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳಮನೆಗೆ ಕರೆದು, ಚಹಾ ಕೊಟ್ಟು, ತಮ್ಮ ಬಾಣಂತಿಯ ಬಳಿ ಕೂರಲು ಬಿಟ್ಟ ಆ ಎಲ್ಲ ಮನೆಗಳ ಹಿರಿಯರಿಗೆ ನಾನು ಋಣಿ.

ಕೊಪ್ಪಳದಲ್ಲಿ ನನ್ನ ದಾರಿ ಸುಗಮವಾಗಲು ನನಗಿಂತ ಮೊದಲು ಅಲ್ಲಿ ದುಡಿದವರು ಕಾರಣ. ಈ ಆರೈಕೆಯನ್ನು ಆಸ್ಪತ್ರೆಯೊಂದರ ಒಳಗಷ್ಟೇ ಅಲ್ಲ, ಇಡೀ ಜನಸಮುದಾಯಕ್ಕೆ ಹೇಗೆ ತಲುಪಿಸುವುದು ಎಂದು ತಿಳಿಯಲು ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಸಂಶೋಧನೆಯಲ್ಲಿ ಹರಿಯಾಣ, ಉತ್ತರ ಪ್ರದೇಶಗಳ ಜೊತೆಗೆ ಕರ್ನಾಟಕವೂ ಇತ್ತು, ಮತ್ತು ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಈ ಜಿಲ್ಲೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಮತ್ತು ಅವರ ಜೊತೆಗಾರರು ಸರ್ಕಾರಿ ಆರೋಗ್ಯ ವ್ಯವಸ್ಥೆಯೊಳಗೇ ನಿಂತು ಆ ಕೆಲಸ ಮಾಡಿದ್ದರಿಂದ, ನಾನು ಹೋಗುವ ಹೊತ್ತಿಗೆ ಇದೇನು ಎಂದು ಯಾರಿಗೂ ವಿವರಿಸುವ ಅಗತ್ಯವಿರಲಿಲ್ಲ. ನವಜಾತ ಶಿಶು ಘಟಕದ ಸಿಸ್ಟರ್‌ಗಳಿಗೆ ವಿಶೇಷವಾಗಿ ವಂದಿಸಬೇಕು. ಒಂದು ಕೂಸಿಗೆ ನಳಿಕೆಯಲ್ಲಿ ಹಾಲು ಹಾಕುತ್ತ, ಇನ್ನೊಂದರ ಉಸಿರಾಟ ಎಣಿಸುತ್ತ, ಹೆದರಿ ನಡುಗುವ ಹೊಸ ತಾಯಿಯ ಕೈಯನ್ನು ಹಿಡಿದು ಕೂಸಿನ ಬೆನ್ನ ಮೇಲೆ ಇರಿಸುವ ಅವರ ಪಾಳಿಯ ಮಧ್ಯೆ ವಿದ್ಯಾರ್ಥಿಯ ಪ್ರಶ್ನೆಗಳಿಗೆ ಬಿಡುವಿರುವುದಿಲ್ಲ. ಆದರೂ ಪಾಳಿ ಮುಗಿದ ಮೇಲೆ, ಮನೆಯ ಬಸ್ಸನ್ನು ಬಿಟ್ಟುಕೊಟ್ಟು ಕೂತು ಮಾತಾಡಿದರು.

ಆಶಾ ಅಕ್ಕಂದಿರ ಬಗ್ಗೆ ಬರೆಯಲು ಈ ಬರಹ ಸಾಲದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ನೋಡಬೇಕು, ತೂಗಬೇಕು, ಮೈಶಾಖ ಅಳೆಯಬೇಕು, ಅಪಾಯದ ಲಕ್ಷಣಗಳಿದ್ದರೆ ಆಸ್ಪತ್ರೆಗೆ ಕಳುಹಿಸಬೇಕು. ಈ ಎಲ್ಲ ಭೇಟಿಗಳಿಗೆ ಸೇರಿ ಯೋಜನೆಯಲ್ಲಿ ನಿಗದಿಯಾಗಿರುವ ಪ್ರೋತ್ಸಾಹಧನ 250 ರೂಪಾಯಿ. ಸಣ್ಣ ಕೂಸಿರುವ ಮನೆಗೆ ಅವರು ಪಟ್ಟಿಯಲ್ಲಿಲ್ಲದ ದಿನಗಳಲ್ಲೂ ಹೋಗುತ್ತಿದ್ದರು, ಹೋದಾಗ ಅತ್ತೆಯೊಂದಿಗೆ ಮಾತಾಡುತ್ತ ಸೊಸೆಗೆ ಒಂದಿಷ್ಟು ಬಿಡುವು ಕೊಡಿಸಿ ಬರುತ್ತಿದ್ದರು. ಯಾವ ವಹಿಯಲ್ಲೂ ದಾಖಲಾಗದ ಈ ಕೆಲಸವನ್ನು ನನ್ನ ಪ್ರಬಂಧದಲ್ಲಾದರೂ ಸರಿಯಾಗಿ ದಾಖಲಿಸಲು ಪ್ರಯತ್ನಿಸಿದ್ದೇನೆ.

ನೈತಿಕ ಪರಿಶೀಲನಾ ಸಮಿತಿಯನ್ನು ನೆನೆಯುವುದು ಇಂತಹ ಬರಹಗಳಲ್ಲಿ ವಾಡಿಕೆಯಲ್ಲ, ಆದರೆ ಅಲ್ಲಿನ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಅಧ್ಯಯನವನ್ನು ಗಟ್ಟಿಗೊಳಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಾಗಿದ್ದಲ್ಲಿ ನೀವು ಭೇಟಿಯಾಗುವ ತಾಯಿಯೇ ಬಾಲಕಿಯಾಗಿದ್ದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಡಿ ಅಂತಹ ವಿಷಯ ತಿಳಿದವರು ವರದಿ ಮಾಡಲೇಬೇಕು. ಆ ಹುಡುಗಿಗೋ ಪೊಲೀಸರ ಹೆದರಿಕೆಯಿಂದ ಮನೆಯವರು ಆಸ್ಪತ್ರೆಯನ್ನೇ ತಪ್ಪಿಸುವ ಅಪಾಯವಿದೆ. ಸಂದರ್ಶನಕ್ಕೆ 18 ತುಂಬಿದವರನ್ನು ಮಾತ್ರ ಆರಿಸಿಕೊಳ್ಳುವುದು, 18-19ರ ತಾಯಂದಿರೊಂದಿಗೆ ಮನೆಯ ಹಿರಿಯರಿಲ್ಲದೆ ಪ್ರತ್ಯೇಕವಾಗಿ ಮಾತಾಡುವುದು, ಅವರ ಒಪ್ಪಿಗೆಯನ್ನು ಗಂಡನಿಂದಲ್ಲ ಅವರಿಂದಲೇ ಪಡೆಯುವುದು ಎಂದು ಸಮಿತಿಯ ಜೊತೆ ಕೂತು ನಿರ್ಧರಿಸಿದೆವು. ಹದಿಹರೆಯದ ತಾಯಿಗೆ ಮನೆಯಲ್ಲಿ ಮಾತಿನ ಬಲವಿಲ್ಲ, ವಿಶ್ರಾಂತಿ ಬೇಕೆಂದು ಕೇಳುವ ಧೈರ್ಯವೂ ಇರುವುದಿಲ್ಲ ಎಂಬ ಸಂಗತಿ ಹೊರಬಂದದ್ದು ಈ ಪ್ರತ್ಯೇಕ ಮಾತುಕತೆಗಳಲ್ಲಿ. ಸಮಿತಿಯ ಎಚ್ಚರ ಇಲ್ಲದಿದ್ದರೆ ಅದು ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ತರಗತಿಯ ಗೆಳತಿಯರಲ್ಲಿ ಮಲಾವಿ ದೇಶದಿಂದ ಬಂದ ದಾದಿಯೊಬ್ಬರಿಗೆ ನಾನು ಬಹಳ ಆಭಾರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಬಂದ ಬಂಧುವೇ ಹೊರಗಿನ ತಂಗುಮನೆಯಲ್ಲಿದ್ದು ಅಡುಗೆ ಮಾಡಿ, ಬಟ್ಟೆ ಒಗೆದು, ಆರೈಕೆಯ ಅರ್ಧ ಭಾರ ಹೊರುತ್ತಾರೆ. ಕುಷ್ಟಗಿಯ ತಾಯಿಯ ಪ್ರಶ್ನೆಯನ್ನು ನಾನು ಹೇಳಿದಾಗ, ತಮ್ಮ ವಾರ್ಡಿನ ತಾಯಂದಿರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆಂದು ಅವರು ತಿಳಿಸಿದರು. ಆ ಜೊತೆಗಾರ ಬಂಧುವನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಯಾವ ಯೋಜನೆಯೂ ನಿಲ್ಲುವುದಿಲ್ಲ ಎಂಬ ಅವರ ವಾದದಿಂದಲೇ ನನ್ನ ಕೊನೆಯ ಅಧ್ಯಾಯದ ಶಿಫಾರಸುಗಳು ರೂಪುಗೊಂಡವು. ಪ್ರತಿ ಕರಡನ್ನೂ ತಾಳ್ಮೆಯಿಂದ ಓದಿ, ಆಧಾರವಿಲ್ಲದ ವಾಕ್ಯದ ಪಕ್ಕದಲ್ಲಿ ಗೆರೆ ಎಳೆಯುತ್ತಿದ್ದ ಮಾರ್ಗದರ್ಶಕರಿಗೂ, ವಿದ್ಯಾರ್ಥಿವೇತನ ಕೊಟ್ಟವರಿಗೂ, ಮನೆಯ ಚಿಂತೆ ತಾಗದಂತೆ ನೋಡಿಕೊಂಡ ಅಪ್ಪ-ಅಮ್ಮನಿಗೂ ಧನ್ಯವಾದಗಳು.

ಜಿಲ್ಲೆಯವರೇ ಆದ ನನ್ನ ಕ್ಷೇತ್ರ ಸಹಾಯಕಿಯನ್ನು ಸಹಾಯಕಿ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಯಾವ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕು, ಯಾರನ್ನು ಮೊದಲು ಮಾತಾಡಿಸಬೇಕು, ಯಾವಾಗ ರೆಕಾರ್ಡರ್ ಬಂದ್ ಮಾಡಿ ಸುಮ್ಮನೆ ಕೂರಬೇಕು ಎಂಬುದೆಲ್ಲ ಅವರ ವಿವೇಚನೆ. ಸಂದರ್ಶನಗಳನ್ನು ಬರಹಕ್ಕಿಳಿಸಿದವರೂ, ಅವುಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಮೊದಲು ಗುರುತಿಸಿದವರೂ ಅವರೇ. ಈ ಅಧ್ಯಯನದಿಂದ ಹೊರಬರುವ ಲೇಖನದಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿ ಇರುತ್ತದೆ. ದೂರದ ವಿಶ್ವವಿದ್ಯಾಲಯಗಳಿಂದ ಬಂದು ಮಾಹಿತಿ ಸಂಗ್ರಹಿಸಿ ಹೋಗುವ ನಾವು ಇಷ್ಟನ್ನಾದರೂ ಪಾಲಿಸಬೇಕು. ಇದು ಉಪಕಾರ ಮಾಡಿದಂತಲ್ಲ, ಸಲ್ಲಬೇಕಾದ್ದನ್ನು ಸಲ್ಲಿಸಿದಂತೆ.

ಕೂಸನ್ನು ಕಳೆದುಕೊಂಡ ಮೇಲೂ ನಮ್ಮೊಂದಿಗೆ ಮಾತಾಡಿದ ತಾಯಂದಿರಿದ್ದಾರೆ. ಎಷ್ಟು ಎಚ್ಚರದಿಂದ ಎದೆಗೆ ಹಾಕಿಕೊಂಡರೂ ಎಲ್ಲ ಕೂಸುಗಳೂ ಉಳಿಯುವುದಿಲ್ಲ, ಮತ್ತು ಉಳಿಯದಿದ್ದಾಗ ತಪ್ಪು ತಾಯಿಯದೆಂದು ಹೇಳುವ ನಾಲಿಗೆಗಳಿಗೆ ಬರವಿರುವುದಿಲ್ಲ. ಅವರಲ್ಲಿ ಒಬ್ಬರು ತಮ್ಮ ಕತೆಯನ್ನು ಪೂರ್ತಿ ಹೇಳಿ, ಕೊನೆಗೆ ಇದನ್ನು ಬರೆಯಬೇಡಿ ಎಂದರು. ಬರೆದಿಲ್ಲ. ಆದರೆ ಮನೆಗೆ ಹೋದ ಮೇಲೆ ಕೂಸು ತೀರಿಕೊಂಡ ತಾಯಿಯ ಬಳಿಗೂ ಭೇಟಿಗಳು ನಿಲ್ಲದೆ ನಡೆಯಬೇಕು, ಅವರ ಎದೆಹಾಲಿನ ನೋವಿಗೂ ಮನಸ್ಸಿನ ನೋವಿಗೂ ಆರೈಕೆ ಸಿಗಬೇಕು ಎಂಬ ಶಿಫಾರಸು ಪ್ರಬಂಧದಲ್ಲಿ ಸೇರಿದ್ದು ಅವರಂತಹ ತಾಯಂದಿರಿಂದ. ಅವರಿಗೆ ಧನ್ಯವಾದ ಎಂಬ ಪದ ಸಣ್ಣದಾಗುತ್ತದೆ, ಆದರೂ ಅದನ್ನು ಹೇಳದೆ ಇರಲಾರೆ.

ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಬರೆದು, ಸಿಸ್ಟರ್‌ಗಳು ಮತ್ತು ಆಶಾ ಅಕ್ಕಂದಿರು ಓದಿ ತಿದ್ದಿದ ಮೇಲೆ ಮುದ್ರಿಸಿ, ಅವರ ತಿಂಗಳ ಸಭೆಗಳಲ್ಲಿ ಓದಲು ಕೊಟ್ಟಿದ್ದೇನೆ. ಬಿಡುಗಡೆಯ ದಿನ ತಾಯಿಗೆ ಮಾತ್ರವಲ್ಲದೆ ಮನೆಯಿಂದ ಬಂದ ಇನ್ನೊಬ್ಬರಿಗೂ ಕೂಸನ್ನು ಎದೆಗೆ ಹಾಕಿಕೊಳ್ಳುವುದನ್ನು ಕಲಿಸಿ ಕಳುಹಿಸಬೇಕು ಎಂಬುದು ಅದರ ಮೊದಲ ಸಲಹೆ. ಆ ಸಾರಾಂಶವನ್ನೂ ನಾವು ಬಳಸಿದ ಕನ್ನಡ ಪ್ರಶ್ನಾವಳಿಯನ್ನೂ ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಮುಂದೆ ಈ ಜಿಲ್ಲೆಗೆ ಬರುವ ವಿದ್ಯಾರ್ಥಿಗಳು ದಯವಿಟ್ಟು ಅದನ್ನು ಮೊದಲು ಓದಿ, ಆ ತಾಯಂದಿರು ಈಗಾಗಲೇ ಉತ್ತರಿಸಿರುವ ಪ್ರಶ್ನೆಗಳನ್ನು ಅವರಿಗೆ ಮತ್ತೆ ಕೇಳದಿರಲಿ ಎಂದು ಕೋರುತ್ತೇನೆ.