ಮಗಳಿಗೊಂದು ಪತ್ರ: ಗಂಡ ಊರಲ್ಲಿಲ್ಲದಾಗ ರಾಜ್ಯ ನಡೆಸಿದವಳು

ಪ್ರೀತಿಯ ಪುಟ್ಟಿ,

ಬರುವ ವಾರ ಪೀಟರ್‌ಬರೋಗೆ ಹೋಗ್ತೀನಿ, ಅಲ್ಲಿನ ಚರ್ಚಿನಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಬಿಟ್ಟ ಹೆಂಡತಿ ಕ್ಯಾಥರೀನ್‌ಳ ಸಮಾಧಿ ಇದೆ ಅಂತ ಬರೆದಿದ್ದೀಯಲ್ಲ. ಗಂಡ ಬಿಟ್ಟವಳು ಅನ್ನೋ ಹಣೆಪಟ್ಟಿ ಐನೂರು ವರ್ಷ ಆದರೂ ಅವಳನ್ನು ಬಿಟ್ಟಿಲ್ಲ ನೋಡು. ಹೋಗುವ ಮೊದಲು ಅವಳ 1513ರ ಕತೆ ಕೇಳಿಬಿಡು.

ಕ್ಯಾಥರೀನ್ ಸ್ಪೇನಿನ ರಾಣಿ ಇಸಬೆಲ್ಲಾಳ ಕೊನೆಯ ಮಗಳು. 1501ರಲ್ಲಿ, ಇನ್ನೂ ಹದಿನಾರು ತುಂಬದವಳು, ಇಂಗ್ಲೆಂಡಿನ ಯುವರಾಜ ಆರ್ಥರ್‌ನನ್ನು ಮದುವೆಯಾದಳು. ಐದು ತಿಂಗಳಾಗುವುದರೊಳಗೆ ಅವನು ತೀರಿಕೊಂಡ. ಆಮೇಲೆ ಶುರುವಾಯಿತು ವರದಕ್ಷಿಣೆ ಜಗಳ. ಅಪ್ಪ ಉಳಿದ ಅರ್ಧ ಕೊಡಲಿಲ್ಲ. ಮಾವ ತವರಿಗೂ ಕಳಿಸಲಿಲ್ಲ, ಸರಿಯಾಗಿ ನೋಡಿಕೊಳ್ಳಲೂ ಇಲ್ಲ. ಆಳುಕಾಳುಗಳಿಗೆ ಊಟ ಹಾಕಲು ಬೆಳ್ಳಿ ಪಾತ್ರೆ ಮಾರುವ ಸ್ಥಿತಿ ಬಂತು. ಅಂಥ ಹೊತ್ತಲ್ಲೇ, 1507ರಲ್ಲಿ, ಅಪ್ಪ ಅವಳನ್ನೇ ತನ್ನ ರಾಯಭಾರಿ ಮಾಡಿದ. ರಾಜಕಾರಣದ ಒಳಸುಳಿ ಅವಳು ಕಲಿತದ್ದು ಅಲ್ಲೇ ಅಂತ ನನ್ನ ಲೆಕ್ಕ.

1509ರಲ್ಲಿ ಆರ್ಥರ್‌ನ ತಮ್ಮ ಹೆನ್ರಿ ಪಟ್ಟಕ್ಕೆ ಬಂದ, ಇವಳನ್ನೇ ಮದುವೆಯಾದ. 1513ರ ಬೇಸಿಗೆಗೆ ಅವನಿಗೆ ಇಪ್ಪತ್ತೆರಡು, ಫ್ರಾನ್ಸ್ ಗೆಲ್ಲುವ ಹುರುಪು. ಹೆಂಡತಿಯನ್ನು ರೀಜೆಂಟ್, ಅಂದರೆ ತನ್ನ ಪರವಾಗಿ ರಾಜ್ಯ ಆಳುವವಳು, ಮಾಡಿ ಹಡಗು ಹತ್ತಿದ. ಬರೀ ಹೆಸರಿಗಲ್ಲ. ದಂಡು ಸೇರಿಸುವುದು, ಖಜಾನೆಯಿಂದ ಹಣ ಬಿಡಿಸುವುದು, ಅಧಿಕಾರಿಗಳನ್ನು ನೇಮಿಸುವುದು, ಎಲ್ಲ ಅವಳ ಕೈಯಲ್ಲಿ.

ಇದೇ ಸಮಯ ಅಂತ ಸ್ಕಾಟ್ಲೆಂಡಿನ ರಾಜ ನಾಲ್ಕನೇ ಜೇಮ್ಸ್ ಆಗಸ್ಟಿನಲ್ಲಿ ಗಡಿ ದಾಟಿದ. ಅವನು ಬೇರೆ ಯಾರೂ ಅಲ್ಲ, ಹೆನ್ರಿಯ ಅಕ್ಕ ಮಾರ್ಗರೆಟ್‌ಳ ಗಂಡ. ಉತ್ತರದ ಗಡಿ ಕಾಯುತ್ತಿದ್ದವನು ಎಪ್ಪತ್ತರ ಮುದುಕ ಅರ್ಲ್ ಆಫ್ ಸರ್ರೆ. ಅವನೇನಾದರೂ ಸೋತರೆ? ಅದಕ್ಕೇ ಕ್ಯಾಥರೀನ್ ತಾನೂ ಮೀಸಲು ದಂಡು ಕಟ್ಟಿಕೊಂಡು ಹೊರಟಳು. ಆ ದಿನಗಳ ಒಂದು ಪತ್ರದಲ್ಲಿ ಬಾವುಟ, ಲಾಂಛನ ಮಾಡಿಸುವುದರಲ್ಲೇ ಮುಳುಗಿದ್ದೇನೆ ಅಂತಾಳೆ. ಮದುವೆ ಮನೆಯ ಜವಳಿ ಗಡಿಬಿಡಿಯ ಧಾಟಿ!

ಸೆಪ್ಟೆಂಬರ್ 9ರಂದು ಫ್ಲಾಡನ್‌ನಲ್ಲಿ ಯುದ್ಧ ನಡೆಯಿತು. ಜೇಮ್ಸ್ ಸತ್ತ, ಜೊತೆಗೆ ಅವನ ಸಾವಿರಾರು ಜನ. ಸುದ್ದಿ ಬಂದಾಗ ಕ್ಯಾಥರೀನ್ ಇನ್ನೂ ದಾರಿಯಲ್ಲಿದ್ದಳು. 16ರಂದು ವೋಬರ್ನ್‌ನಿಂದ ಗಂಡನಿಗೆ ಪತ್ರ ಬರೆದಳು. ಜೊತೆಗೆ ಜೇಮ್ಸ್ ತೊಟ್ಟಿದ್ದ ಕೋಟಿನ ತುಂಡನ್ನೂ ಕಳಿಸಿದಳು, ನಿಮ್ಮ ಬಾವುಟಕ್ಕೆ ಆಗುತ್ತದೆ ಅಂತ. ಅವನನ್ನೇ ಕಳಿಸೋಣ ಅಂದುಕೊಂಡಿದ್ದೆ, ನಮ್ಮ ಇಂಗ್ಲಿಷ್ ಜನರ ಮನಸ್ಸು ಒಪ್ಪಲಿಲ್ಲ ಅಂತಲೂ ಬರೆದಳು. ಅವನನ್ನೇ ಅಂದರೆ, ಹೆಣವನ್ನು!

ಓದಿ ಮೈ ಝುಂ ಅಂತು. ಸತ್ತವನು ಸ್ವಂತ ನಾದಿನಿಯ ಗಂಡ ಕಣೇ. ಮಾರ್ಗರೆಟ್‌ಳ ಮಡಿಲಲ್ಲಿ ಒಂದೂವರೆ ವರ್ಷದ ಕೂಸು. ಇನ್ನು ಆ ಕೂಸೇ ರಾಜ, ಅವನ ಪರವಾಗಿ ಆಳಬೇಕಾದವಳು ಅವಳೇ. ಗಡಿಯ ಆ ಕಡೆ ನಾದಿನಿ, ಈ ಕಡೆ ಅತ್ತಿಗೆ. ಹಾಗಾಗಿ ಕ್ಯಾಥರೀನ್ ತುಂಬಾ ಒಳ್ಳೆಯವಳು ಅಂತ ನಾನು ಹೇಳಲಾರೆ. ಕೆಲಸ ಬಲ್ಲವಳು, ಅದು ಮಾತ್ರ ಖಂಡಿತ. ಹೆನ್ರಿ ಫ್ರಾನ್ಸಿನಲ್ಲಿ ಎರಡು ಊರು ಗೆದ್ದು ಅಕ್ಟೋಬರಿನಲ್ಲಿ ವಾಪಸ್ ಬಂದ. ದೊಡ್ಡ ಗೆಲುವು ಯಾರದ್ದು, ನೀನೇ ಹೇಳು.

ಮುಂದಿನದು ನಿನಗೆ ಗೊತ್ತು. ಗಂಡುಮಕ್ಕಳು ಉಳಿಯಲಿಲ್ಲ, ಹೆನ್ರಿ ಮನಸ್ಸು ಕೊಟ್ಟ ಆನ್ ಬೊಲಿನ್ ಬಂದಳು, 1533ರಲ್ಲಿ ಕ್ಯಾಥರೀನ್ ಜೊತೆಗಿನ ಮದುವೆಯೇ ಊರ್ಜಿತವಲ್ಲ ಅಂತ ತೀರ್ಪಾಯಿತು. 1536ರ ಜನವರಿಯಲ್ಲಿ ಸಾಯುವವರೆಗೂ ನಾನೇ ರಾಣಿ ಅನ್ನುವ ಹಟ ಕ್ಯಾಥರೀನ್ ಬಿಡಲಿಲ್ಲ. ಹೆನ್ರಿ ಮಾತ್ರ ಆರ್ಥರ್‌ನ ವಿಧವೆ ಅಂತಲೇ ಮಣ್ಣು ಮಾಡಿಸಿದ. ಈಗ ಅಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ 'ಇಂಗ್ಲೆಂಡಿನ ರಾಣಿ' ಅಂತಿದೆ, ನೋಡಿ ಬಾ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನೂ 1587ರಲ್ಲಿ ಮೊದಲು ಹೂಳಿದ್ದು ಅದೇ ಚರ್ಚಿನಲ್ಲಿ. ಅವಳು ಆ ಜೇಮ್ಸ್‌ನ ಮೊಮ್ಮಗಳು. ಆ ಜಾಗವನ್ನೂ ಹುಡುಕು.

ಕೋಟಿನ ವಿಷಯ ನಿನಗೆ ಏನನ್ನಿಸಿತು ಅಂತ ಬರಿ. ಯುದ್ಧ ಅಂದಮೇಲೆ ಅದೆಲ್ಲ ಇದ್ದದ್ದೇ ಅಂತಾರೆ ನಿಮ್ಮಪ್ಪ. ನಾನಂತೂ ಒಪ್ಪಿಲ್ಲ.

ನಿನ್ನ
ಅಮ್ಮ