ಗೆಳೆಯನಿಗೊಂದು ಪತ್ರ: ಮಿರಗಕ್ಕಿನ್ನೂ ಎರಡು ತಿಂಗಳಿದೆ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. "ನಮ್ಮ ಬಾಗಲಕೋಟ್ಯಾಗ ವಸಂತ ಎಲ್ಲೈತೋ? ಚಳಿ ಹೋತಂದ್ರ ಬಿಸಲಾ. ಈ ಬಿಸಲಾಗ ನೀವು ತೋಟದಾಗ ಏನ್ ಮಾಡ್ತೀರಿ?" ಆಗ ನಾನು ಸಂತೆಯ ಗದ್ದಲದಲ್ಲಿದ್ದೆ. "ಬಂದು ನೋಡು" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಇದೇ ಮಾತನ್ನು ಇಲ್ಲಿದ್ದವರೂ ಕೇಳುತ್ತಾರೆ. ಅದಕ್ಕೇ ಉಳಿದವರೂ ಓದಲಿ ಅಂತ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ವಸಂತ ಇದೆ. ಗಿಡದ ಹತ್ತಿರ ಹೋಗಿ ನಿಂತರೆ ಕಾಣುತ್ತದೆ. ಹೊಂಗೆ ಇದ್ದ ಎಲೆಯನ್ನೆಲ್ಲ ಉದುರಿಸಿ, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಹೊಸ ಎಲೆ ಹೊತ್ತು ನಿಂತಿದೆ. ಬೇವು ಹೂ ಬಿಟ್ಟಿದೆ, ಸಂಜೆಯಾದರೆ ಅದರ ವಾಸನೆ ಓಣಿ ತುಂಬ. ಈ ಸಲ ಯುಗಾದಿಯ ಬೇವಿಗೆ ನಾವು ಹೂವನ್ನು ಕೊಳ್ಳಲಿಲ್ಲ. ತೋಟದ ಮರದ ಕೆಳಗೆ ಹಳೆ ಸೀರೆ ಹಾಸಿ ಟೊಂಗೆ ಅಲುಗಿಸಿದೆವು. ಒಬ್ಬೊಬ್ಬರ ಮನೆಗೂ ಒಂದು ಹಿಡಿ ಹೂವು ಹೋಯಿತು.

ಅದಕ್ಕೂ ಮೊದಲು ಹೋಳಿ. ನಮ್ಮೂರ ಹೋಳಿಯನ್ನು ನಿನಗೆ ಹೇಳಬೇಕಾಗಿಲ್ಲ ಅಲ್ವಾ? ಹಲಗೆ ಸಪ್ಪಳ, ಬಂಡಿಯ ಮೇಲೆ ಬಣ್ಣದ ಬ್ಯಾರಲ್, ಮೂರು ದಿನ ಊರಿಗೆ ಊರೇ ಬಣ್ಣ. ಈ ವರ್ಷ ತೋಟಕ್ಕೆ ಬರುವ ಮಕ್ಕಳಿಗೆ ಮುತ್ತಲ ಹೂವಿನಿಂದ ಬಣ್ಣ ಮಾಡುವುದನ್ನು ಕಲಿಸಿದೆವು. ಹೂವು ಆರಿಸಿ ತಂದು, ನೆರಳಲ್ಲಿ ಒಣಗಿಸಿ, ಹಿಂದಿನ ರಾತ್ರಿ ಬಿಸಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ತಿಳಿ ಹಳದಿ ನೀರು. ಅದಕ್ಕೆ ಎಲೆ ಅಡಿಕೆಗೆ ಹಚ್ಚುವ ಸುಣ್ಣ ಒಂದು ಚಿಟಿಕೆ ಹಾಕಿದ ಕೂಡಲೇ ಕೇಸರಿಗೆ ತಿರುಗಿತು. ಐದನೇ ಇಯತ್ತೆಯ ಹುಡುಗಿಯೊಬ್ಬಳು "ಇದು ಯಾಕ ಬದಲಾತ್ರಿ?" ಅಂತ ಕೇಳಿದಳು. ಶಾಲೆಯಲ್ಲಿ ವಿಜ್ಞಾನ ಹೇಳುವ ಅಕ್ಕಾರು ಅಲ್ಲೇ ಮಣ್ಣಲ್ಲಿ ಕೂತು ಹುಳಿ ಅಂದರೇನು, ಕ್ಷಾರ ಅಂದರೇನು ಅಂತ ಅರ್ಧ ತಾಸು ಹೇಳಿದರು. ಒಂದು ಮಗುವೂ ಎದ್ದು ಹೋಗಲಿಲ್ಲ.

ತೋಟ ನೋಡಿಕೊಳ್ಳುವ ನಮ್ಮ ಗುಂಪಿಗೆ ಹೆಸರಿಲ್ಲ, ವರ್ಗಣಿ ಇಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಬರುವುದು, ಎಂಟೂವರೆಗೆ ಬಿಸಿಲು ಏರುವ ಮುಂಚೆ ಮುಗಿಸುವುದು. ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಒಬ್ಬರು, ಒಬ್ಬ ಟೇಲರ್, ಅಕ್ಕಾರು, ಅಂಗಡಿ ಇಟ್ಟುಕೊಂಡ ಇಬ್ಬರು ಅಣ್ಣತಮ್ಮಂದಿರು, ಕಾಲೇಜು ಹುಡುಗರು, ನಾನು. ಜಾಗ ನವನಗರದ್ದು. ಅಂದರೆ ಮೇಲೆ ಒಂದು ಗೇಣು ಮಣ್ಣು, ಕೆಳಗೆ ಬರೀ ಗರಸು. ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆ. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಹಳೆ ಊರು ಬಿಟ್ಟು ಬಂದವರಿಗೆ ಕೊಟ್ಟ ಜಾಗ ಇದು. ನಿಮ್ಮ ಮನೆಯವರೂ ನಮ್ಮ ಮನೆಯವರೂ ಗಂಟುಮೂಟೆ ಕಟ್ಟಿಕೊಂಡು ಬಂದಾಗ ಇಲ್ಲಿ ನೆರಳು ಅನ್ನುವುದೇ ಇರಲಿಲ್ಲ. ಘಟಪ್ರಭೆಯ ದಂಡೆಯ ಮಣ್ಣಿನಲ್ಲಿ ಬೀಜ ಬಿದ್ದರೆ ಸಾಕಿತ್ತು, ತಾನೇ ಹುಟ್ಟುತ್ತಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಂದು ಗಿಡವನ್ನೂ ಯಾರೋ ಒಬ್ಬರು ಸಾಕಿದ್ದಾರೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಯುಗಾದಿ ಹಬ್ಬ ಅಂತ ಉಮೇದಿನಲ್ಲಿ ಅರವತ್ತು ಸಸಿ ನೆಟ್ಟೆವು. ಹೊಸ ವರ್ಷ, ಹೊಸ ಗಿಡ ಅನ್ನುವ ಆಸೆ. ಏಪ್ರಿಲ್ ಎರಡನೇ ವಾರದಲ್ಲಿ ಬಿಸಿಲು 40 ಡಿಗ್ರಿ ದಾಟಿತು. ಟ್ಯಾಂಕರ್ ನೀರಿಗೆ ಮಾತಾಡಿದ್ದೆವು, ಎರಡು ಸಲ ಬಂದು ನಿಂತಿತು. ಬಿಂದಿಗೆ ಹೊತ್ತೆವು, ಸಾಲಲಿಲ್ಲ. ಮೇ ಮುಗಿಯುವಾಗ ಬದುಕಿದ್ದು ಹದಿನಾಲ್ಕು. ಒಣಗಿದ ಸಸಿ ಕಿತ್ತು ನೋಡಿದರೆ ಬೇರು ಚೀಲದ ಆಕಾರದಲ್ಲೇ ಇತ್ತು, ಒಂದು ಬೆರಳೂ ಹೊರಗೆ ಹೋಗಿರಲಿಲ್ಲ. ಅವತ್ತು ಯಾರೂ ಮಾತಾಡಲಿಲ್ಲ. ನನಗೆ ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ನಮ್ಮ ಭಾಗದಲ್ಲಿ ವರ್ಷಕ್ಕೆ ಮಳೆ ಸುಮಾರು 600 ಮಿ.ಮೀ. ಒಳಗೇ. ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ. ಹಾಗಾಗಿ ನೆಡುವ ಕಾಲ ಮಿರಗ (ಮೃಗಶಿರಾ ಮಳೆ) ಕೂಡಿದ ಮೇಲೆ, ಅಂದರೆ ಜೂನ್ 8ರ ಆಸುಪಾಸು. ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳು ಇದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ, ಮುಂದಿನದಕ್ಕೆ ತಯಾರಿ ಮಾಡುವುದಕ್ಕೆ, ಕೈ ಪಳಗಿಸುವುದಕ್ಕೆ. ನೀನು ಕೇಳಿದೆಯಲ್ಲ, ಏನ್ ಮಾಡ್ತೀರಿ ಅಂತ. ಇದನ್ನೇ ಮಾಡುತ್ತೇವೆ.

ಮೊದಲ ಕೆಲಸ ಹೊದಿಕೆ. ನಮ್ಮ ಜಿಲ್ಲೆಯಲ್ಲಿ ಕಬ್ಬಿಗೇನು ಕಡಿಮೆ! ಕಟಾವು ಮುಗಿದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣಗಿದ ಎಲೆಗೆ, ಬೆಂಕಿ ಹಚ್ಚುವುದನ್ನು ನೀನೂ ನೋಡಿದ್ದೀ. ಮುಧೋಳ ಕಡೆಯ ರೈತರೊಬ್ಬರು "ಸುಡೂದಕಿಂತ ನೀವು ಒಯ್ಯೂದು ಚಲೋ" ಅಂದು ಒಂದು ಟ್ರ್ಯಾಕ್ಟರ್ ರವದಿ ಕೊಟ್ಟರು. ಪ್ರತಿ ಗಿಡದ ಬುಡಕ್ಕೆ ಒಂದು ಗೇಣು ದಪ್ಪ ಹಾಸಿದೆವು. ಕಾಂಡಕ್ಕೆ ತಾಗಿಸಬಾರದು, ನಾಲ್ಕು ಬೆರಳು ಬಿಡಬೇಕು. ಇಲ್ಲದಿದ್ದರೆ ಗೆದ್ದಲು ಸೀದಾ ಗಿಡಕ್ಕೇ ಹತ್ತುತ್ತದೆ. ಮಕ್ಕಳಿಗೆ ಗೊತ್ತಾಗಲಿ ಅಂತ ಒಂದೇ ದಿನ ನೀರು ಕೊಟ್ಟ ಎರಡು ಗಿಡ ಆರಿಸಿ ಒಂದಕ್ಕೆ ಹೊದಿಸಿದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ನಾಲ್ಕನೇ ದಿನ ಬೆರಳು ಹಾಕಿ ನೋಡಿದರು. ಬಯಲು ಬಿಟ್ಟಲ್ಲಿ ಮಣ್ಣು ಬಿರುಸಾಗಿ ಉಗುರು ಇಳಿಯಲಿಲ್ಲ. ರವದಿ ಸರಿಸಿದಲ್ಲಿ ತಂಪು, ಕೈಗೆ ಮಣ್ಣು ಅಂಟಿತು. ಅವತ್ತಿನಿಂದ ಹೊದಿಕೆ ಸರಿಯಾಗಿದೆಯೋ ಇಲ್ಲವೋ ಅಂತ ಕಾಯುವವರು ಅವರೇ.

ಎರಡನೆಯದು ಗಡಿಗೆ. ಇದು ನನಗೆ ಬಹಳ ಹಿಡಿಸಿದ ಕೆಲಸ. ಐದು ಲೀಟರಿನ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಮೊಳ ದೂರದಲ್ಲಿ ಕುತ್ತಿಗೆವರೆಗೆ ಹೂಳುತ್ತೇವೆ. ಬಣ್ಣ ಬಳಿದದ್ದು ಬೇಡ, ಒಳಗಿನ ನೀರು ಹೊರಗೆ ಜಿನುಗಬೇಕು. ನೀರು ತುಂಬಿ ಮೇಲೆ ಮುಚ್ಚಳ ಇಟ್ಟರೆ ಆಯಿತು. ಸುತ್ತಲಿನ ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ಎಳೆದುಕೊಳ್ಳುತ್ತದೆ. ಮಣ್ಣು ಹಸಿಯಿದ್ದರೆ ಜಿನುಗುವುದು ತಾನೇ ಕಡಿಮೆಯಾಗುತ್ತದೆ. ಬೇರು ನೀರಿರುವ ಕಡೆಗೇ ಬೆಳೆದು ಗಡಿಗೆಯನ್ನು ತಬ್ಬಿಕೊಳ್ಳುತ್ತದೆ. ಹೋದ ಬೇಸಿಗೆಯಲ್ಲಿ ಹೂಳಿದ್ದ ಒಂದು ಗಡಿಗೆ ಒಡೆದಿತ್ತು. ತೆಗೆದು ನೋಡಿದರೆ ಹೊರಮೈ ತುಂಬ ಬಿಳಿ ಬೇರಿನ ಜಾಲ, ಜಾಳಿಗೆ ಹೆಣೆದ ಹಾಗೆ. ಕಾಕಾ ಅದನ್ನು ಎತ್ತಿ ಹಿಡಿದು ಎಷ್ಟೋ ಹೊತ್ತು ನೋಡಿದರು. ನಮಗೆ ಈಗ ಮೂರು ದಿನಕ್ಕೊಮ್ಮೆ ಗಡಿಗೆ ತುಂಬಿದರೆ ಸಾಕಾಗುತ್ತಿದೆ. ಸರದಿ ಹಾಕಿಕೊಂಡಿದ್ದೇವೆ. ನನ್ನದು ಮಂಗಳವಾರ, ಗುರುವಾರ. ತುಂಬಿ ಬರುವಾಗ ಹಕ್ಕಿಗಳ ಪರಟೆಗೂ ನೀರು.

ಎರೆಹುಳು ಗುಂಡಿಯದು ಬೇರೆ ಪಾಠ. ಮೊದಲ ಸಲ ಹಸಿ ಸಗಣಿಯನ್ನೇ ತುಂಬಿ ಹುಳು ಬಿಟ್ಟಿದ್ದೆ. ಮರುದಿನ ಅರ್ಧಕ್ಕರ್ಧ ಹುಳು ಅಂಚಿಗೆ ಬಂದು ಸತ್ತಿದ್ದವು. ಹಸಿ ಸಗಣಿ ಕೊಳೆಯುವಾಗ ಕಾವು ಏಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಈಗ ಹದಿನೈದು ದಿನ ಹೊರಗೆ ಹಾಕಿ, ಎರಡು ಸಲ ತಿರುವಿ, ಕೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಆದ ಮೇಲೇ ಗುಂಡಿಗೆ. ಮೇಲೆ ಒದ್ದೆ ಗೋಣಿಚೀಲ. ಎರಡು ತಿಂಗಳಿಗೆ ಚಹಾಪುಡಿಯಂಥ ಗೊಬ್ಬರ ಬರುತ್ತದೆ. ಅದೇ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು, ಕೆಂಪು ಮಣ್ಣು ಎರಡು ಪಾಲು ಕಲಸಿ ಸಸಿಚೀಲ ತುಂಬುತ್ತಿದ್ದೇವೆ.

ಬೀಜದ ವಿಷಯ ಬಂದರೆ ನಮ್ಮ ಗುರು ಆಯಿ. ಎಪ್ಪತ್ತು ದಾಟಿದ ಜೀವ. ಪಕ್ಕದ ಸೆಕ್ಟರಿನಿಂದ ಮೊಮ್ಮಗನ ಸ್ಕೂಟರಿನ ಹಿಂದೆ ಕೂತು ಬರುತ್ತಾಳೆ. ಹೋದ ಭಾನುವಾರ ಸೆರಗಿನಲ್ಲಿ ಒಣಗಿದ ಹೀರೆಕಾಯಿ ಕಟ್ಟಿಕೊಂಡು ಬಂದಿದ್ದಳು. ಬಳ್ಳಿಯಲ್ಲೇ ಒಣಗಿಸಿದ್ದು, ಅಲುಗಿಸಿದರೆ ಗಿಲಕಿಯ ಸಪ್ಪಳ. ಕಾಯಿಯ ತುದಿಯಲ್ಲಿ ಸಣ್ಣ ಮುಚ್ಚಳದ ಹಾಗೆ ಇರುತ್ತದಲ್ಲ, ಅದನ್ನು ಉಗುರಿನಿಂದ ಚಿಮ್ಮಿ, ತಲೆಕೆಳಗು ಮಾಡಿದಳು. ಕರಿ ಬೀಜ ಬಳಬಳ ಅಂತ ಬೊಗಸೆಗೆ ಬಿದ್ದವು. "ಮದಲಿನ ಕಾಯಿ ದೇವರಿಗೆ, ಕಡೀ ಕಾಯಿ ದನಕ್ಕ. ನಡುಬಳ್ಳಿ ಕಾಯಿ ಬೀಜಕ್ಕ ಇಡಬೇಕವ್ವಾ" ಅಂದಳು ಅಕ್ಕಾರಿಗೆ. ಬೀಜವನ್ನು ಒಲೆಯ ಬೂದಿಯಲ್ಲಿ ಕಲಸಿ ಇಡುತ್ತಾಳೆ, ಹುಳ ಹತ್ತುವುದಿಲ್ಲ. ಅವಳು ಕೊಟ್ಟ ಹೀರೆ, ಚವಳಿ, ಪುಂಡಿ ಬೀಜವನ್ನು ಈಗ ಹನ್ನೊಂದು ಮನೆಗೆ ಹಂಚಿದ್ದೇವೆ. ಕರಾರು ಒಂದೇ: ಬೆಳೆದು ತೆಗೆದ ಮೇಲೆ ಅಷ್ಟೇ ಬೀಜ ತಿರುಗಿ ತಂದುಕೊಡಬೇಕು.

ಗಿಡದ ಬೀಜ ಕೂಡಿಸುವುದಕ್ಕೂ ಇದೇ ಕಾಲ. ಹೊಂಗೆಯ ಕಾಯಿ, ಹುಣಸೆ, ಕಕ್ಕೆ ಈಗ ಸಿಗುತ್ತವೆ. ಕಕ್ಕೆಯ ಬೀಜದ ಸಿಪ್ಪೆ ಬಹಳ ಗಟ್ಟಿ. ಬಿಸಿ ನೀರು ಹಾಕಿ ರಾತ್ರಿಯಿಡೀ ಬಿಡಬೇಕು, ಇಲ್ಲವೆ ಕಲ್ಲಿಗೆ ಉಜ್ಜಬೇಕು. ಬೇವಿಗೆ ಮಾತ್ರ ಕಾಯಬೇಕು, ಅದು ಹಣ್ಣಾಗಿ ಉದುರುವುದು ಮಳೆಗಾಲದ ಬಾಗಿಲಿಗೆ. ಸಿಕ್ಕ ಮೇಲೆ ತಡ ಮಾಡುವಂತಿಲ್ಲ. ಕೆಲವೇ ವಾರದಲ್ಲಿ ಬೀಜದ ಜೀವ ಹೋಗುತ್ತದೆ.

ಇನ್ನು ಕಸಿ. ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯ ನಿನಗೆ ಗೊತ್ತೇ ಇದೆ, 2008ರಲ್ಲಿ ಆದದ್ದು. ಅಲ್ಲಿ ಓದುವ ಹುಡುಗನೊಬ್ಬ ತಿಂಗಳಿಗೆ ಎರಡು ಭಾನುವಾರ ಬಂದು ಕಲಿಸುತ್ತಾನೆ. ಮಾವಿಗೆ ಕಸಿ ಕಟ್ಟುವುದು ಮಳೆ ಬಿದ್ದ ಮೇಲೆ. ಈಗ ನಾವು ಹೊಂಗೆಯ ಕಡ್ಡಿಯ ಮೇಲೆ ಕೈ ಪಳಗಿಸುತ್ತಿದ್ದೇವೆ. ಪೆನ್ಸಿಲ್ ದಪ್ಪದ ಕಡ್ಡಿ. ಕೆಳಗಿನದನ್ನು ನಡುವೆ ಸೀಳುವುದು, ಮೇಲಿನದನ್ನು ಎರಡೂ ಕಡೆ ಕೆತ್ತಿ ಬೆಣೆಯ ಹಾಗೆ ಮಾಡಿ ಒಳಗೆ ಕೂರಿಸುವುದು, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುವುದು. ತೊಗಟೆಗೆ ತೊಗಟೆ ಕೂಡಬೇಕು, ಒಂದು ಕಡೆಯಾದರೂ ಸರಿ. ಕೆತ್ತಿದ ಜಾಗ ಒಂದೇ ಏಟಿಗೆ ನುಣುಪಾಗಿರಬೇಕು, ಎರಡು ಸಲ ಚಾಕು ಎಳೆದರೆ ನಡುವೆ ಗಾಳಿ ನಿಲ್ಲುತ್ತದೆ. ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಯಾರು ಹೇಳು? ಟೇಲರ್ ಅಣ್ಣ. ಕತ್ತರಿ ಹಿಡಿದ ಕೈ ಅಲ್ವಾ! ಮೊದಲ ದಿನವೇ ಅವನ ಕಡ್ಡಿ ನೋಡಿ ಹುಡುಗ "ಇದರಾಗ ತಪ್ಪು ಹುಡುಕಾಕ ಆಗವಲ್ದು" ಅಂದ. ಹತ್ತು ಕಡ್ಡಿ ಹಾಳು ಮಾಡಿದ ಮೇಲೆ ನನಗೂ ಒಂದು ಕೂತಿತು.

ಮುಂದಿನ ವಾರದಿಂದ ಗುಂಡಿ. ಎರಡು ಅಡಿ ಉದ್ದ, ಅಗಲ, ಆಳ. ಗರಸು ತೆಗೆದು, ಬಿಸಿಲಿಗೆ ಬಾಯಿ ಬಿಟ್ಟು ಇಟ್ಟು, ಮೇ ಕೊನೆಗೆ ಕೆರೆಯ ಹೂಳು ಮತ್ತು ಗೊಬ್ಬರ ತುಂಬುತ್ತೇವೆ. ಒಂದೆರಡು ಅಡ್ಡಮಳೆ ಬಿದ್ದರೆ ಮಣ್ಣು ತಾನೇ ಕೂರುತ್ತದೆ. ಈ ಸಲ ಗುಂಡಿ ಇಪ್ಪತ್ತೈದೇ. ಅರವತ್ತು ಬೇಡ ಅಂತ ಎಲ್ಲರೂ ಸೇರಿ ನಿರ್ಧಾರ ಮಾಡಿದೆವು. ಕಾಲೇಜು ಹುಡುಗರಿಗೆ ಇದು ಸ್ವಲ್ಪ ಬೇಸರ. ಆದರೆ ಗಡಿಗೆ ಎಷ್ಟಿವೆಯೋ ಅಷ್ಟೇ ಗಿಡ ಅನ್ನುವ ಕಾಕಾನ ಮಾತು ನನಗೆ ಸರಿ ಅನ್ನಿಸುತ್ತದೆ.

ಈಗ ನಿನಗೊಂದು ಸುದ್ದಿ. ಹಳೆ ಮನೆ ಖಾಲಿ ಮಾಡುವಾಗ ನಿಮ್ಮವ್ವ ಬಾವಿಕಟ್ಟೆಯ ಹತ್ತಿರದ ಮಲ್ಲಿಗೆ ಬಳ್ಳಿಯ ಒಂದು ಟೊಂಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನಮ್ಮವ್ವನ ಕೈಗೆ ಕೊಟ್ಟಿದ್ದರು. ನಿನಗೆ ನೆನಪಿದೆಯೋ ಇಲ್ಲವೋ. ಆ ಬಾವಿ, ಆ ಮನೆ ಎರಡೂ ಈಗ ಇಲ್ಲ. ಬಳ್ಳಿ ನಮ್ಮ ಹಿತ್ತಲಲ್ಲಿ ಇಷ್ಟು ವರ್ಷ ಇದೆ. ಹೋದ ಮಳೆಗಾಲದಲ್ಲಿ ಅದರ ಮೂರು ಎಳೆಗಳನ್ನು ಬಗ್ಗಿಸಿ, ಗಿಣ್ಣಿನ ಕೆಳಗೆ ತೊಗಟೆ ಸ್ವಲ್ಪ ಕೆರೆದು, ಮಣ್ಣಲ್ಲಿ ಹೂತು ಮೇಲೆ ಕಲ್ಲು ಇಟ್ಟಿದ್ದೆ. ಮೂರೂ ಬೇರು ಬಿಟ್ಟವು. ಒಂದನ್ನು ತೋಟದ ಬಾಗಿಲಿಗೆ ನೆಟ್ಟಿದ್ದೇನೆ, ಒಂದನ್ನು ಆಯಿ ಒಯ್ದಳು. ಮೂರನೆಯದು ಚೀಲದಲ್ಲಿದೆ, ನಿನ್ನದು. ಮೊನ್ನೆ ಅದರಲ್ಲಿ ನಾಲ್ಕು ಮೊಗ್ಗು ಬಂದಿವೆ.

ಕೊರಿಯರ್ ಮಾಡುವ ಮನಸ್ಸಿಲ್ಲ, ಈ ಬಿಸಿಲಿನಲ್ಲಿ ತಡೆಯಲಾರದು. ಮಿರಗದ ಹೊತ್ತಿಗೆ ನೀನೇ ಬಾ. ನಾಲ್ಕು ದಿನದ ರಜೆ ಹಾಕಿ ಬಾ, ಎರಡು ಗುಂಡಿ ನಿನ್ನ ಹೆಸರಿಗೆ ಬಿಟ್ಟಿರುತ್ತೇನೆ. ತಿರುಗಿ ಹೋಗುವಾಗ ರಾತ್ರಿ ಬಸ್ಸಿಗೆ ಹೋಗು, ಚೀಲವನ್ನು ಕಾಲಿನ ಹತ್ತಿರ ಇಟ್ಟುಕೊಂಡರೆ ಎಲೆ ಬಾಡುವುದಿಲ್ಲ. ನಿಮ್ಮ ಬಾಲ್ಕನಿಗೆ ಬೆಳಗಿನ ಬಿಸಿಲು ಎಷ್ಟು ತಾಸು ಬೀಳುತ್ತದೆ ಅಂತ ಒಂದು ದಿನ ಸರಿಯಾಗಿ ನೋಡಿ ತಿಳಿಸು. ನಿಮ್ಮವ್ವನಿಗೆ ಈಗಲೇ ಹೇಳಬೇಡ, ಗಿಡ ಕೈಗೆ ಕೊಟ್ಟ ಮೇಲೆ ಹೇಳು.

ನಿನ್ನ,
ನವನಗರದ ಗೆಳೆಯ