ಕಹಿ ಎಲ್ಲಿಂದ ಬಂತು ಅಂತಲೂ ಬರೆಯಿರಿ

ಸಂಪಾದಕರೇ,

ಬೆಂಗಳೂರಿನ ಪಬ್‌ಗಳಲ್ಲೇ ತಯಾರಾಗುವ ಬಿಯರ್ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸಿಟ್ರಾ, ಮೊಸಾಯಿಕ್ ಅಂತ ಘಮದ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಬಳ್ಳಿಯ ಹೂ) ಹೆಸರೆಲ್ಲ ಇದೆ, ಮಾವು, ನಿಂಬೆ ವಾಸನೆಯ ವರ್ಣನೆಯೂ ಇದೆ. ಆದರೆ ಕಹಿ ಎಲ್ಲಿಂದ ಬಂತು ಅನ್ನೋದೇ ಇಲ್ಲ! ನಾನು ಇದೇ ಕೆಲಸದಲ್ಲಿರುವವನು, ಹಾಗಾಗಿ ಸುಮ್ನೆ ಇರೋಕಾಗಲಿಲ್ಲ.

ಕಹಿಗೆಂದೇ ಹಾಕುವ ಮ್ಯಾಗ್ನಮ್ ಅಂತ ಒಂದು ಹಾಪ್ಸ್ ತಳಿ ಇದೆ. ಜರ್ಮನಿಯ ಹಲ್ಲರ್ಟೌ ಪ್ರದೇಶದ ಹ್ಯೂಲ್‌ನಲ್ಲಿರುವ ಹಾಪ್ಸ್ ಸಂಶೋಧನಾ ಕೇಂದ್ರದಲ್ಲಿ, ಅಮೆರಿಕದ ಗಲೀನಾ ತಳಿಗೆ ಅಲ್ಲಿನದೇ ಗಂಡು ಗಿಡ ಸೇರಿಸಿ ಬೆಳೆಸಿದ್ದು. ಇದರಲ್ಲಿ ಕಹಿಗೆ ಮೂಲವಾದ ಆಲ್ಫಾ ಆಮ್ಲ ಸುಮಾರು ಶೇ 11ರಿಂದ 16ರಷ್ಟು. ಜೆಕ್ ದೇಶದ ಹೆಸರಾಂತ ಸಾಜ್ ತಳಿಯಲ್ಲಿ ಶೇ 3–4 ಇದ್ದರೆ ಹೆಚ್ಚು. ಈ ಆಮ್ಲ ಇದ್ದ ಹಾಗೇ ಅಷ್ಟು ಕಹಿ ಅಲ್ಲ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸದಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಆ ರಸದಲ್ಲಿ ಒಂದು ಗಂಟೆ ಕುದಿಸಿದಾಗ ಅದರ ರೂಪ ಬದಲಾಗಿ ಕಹಿ ಬರುತ್ತದೆ, ಅಷ್ಟು ಹೊತ್ತಿಗೆ ಘಮದ ಎಣ್ಣೆ ಬಹುಪಾಲು ಹಬೆಯ ಜೊತೆ ಹೊರಟುಹೋಗಿರುತ್ತದೆ. ಅದಕ್ಕೇ ಸಿಟ್ರಾ ಥರದವನ್ನು ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ ಕೊನೆಗೆ ಹಾಕೋದು.

ಲೆಕ್ಕ ನೋಡಿ. 20 ಲೀಟರ್ ಬಿಯರ್‌ಗೆ 30 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ) ಕಹಿ ಬೇಕೆಂದರೆ ಮ್ಯಾಗ್ನಮ್ 20 ಗ್ರಾಂ ಆಸುಪಾಸು ಸಾಕು. ಸಾಜ್‌ನಿಂದಲೇ ಅಷ್ಟು ತೆಗೆಯಲು ಹೋದರೆ ಮೂರು ನಾಲ್ಕು ಪಟ್ಟು ಸುರಿಯಬೇಕು, ಆಗ ಹುಲ್ಲಿನ ರುಚಿ ಬರುವ ಭಯ, ಜೊತೆಗೆ ಆ ಚರಟ ಹೀರಿಕೊಂಡ ಬಿಯರೂ ನಷ್ಟ. ಕಾಸಿನ ವಿಷಯ ಅಲ್ವಾ? ಕೊಲಂಬಸ್ ಅನ್ನೋ ಇನ್ನೊಂದು ತಳಿಯಲ್ಲೂ ಆಲ್ಫಾ ಜಾಸ್ತಿ, ಆದರೆ ಅದರ ಖಾರ ಘಾಟು ಒಳಗೆ ನುಗ್ಗುತ್ತದೆ, ಲಾಗರ್‌ನಂಥ ತಿಳಿ ಬಿಯರ್‌ಗೆ ಆಗಿಬರಲ್ಲ. ಮ್ಯಾಗ್ನಮ್ ಕಹಿ ಕೊಟ್ಟು ಸುಮ್ಮನಾಗುತ್ತದೆ. ಸಪ್ಪೆ ತಳಿ ಅನ್ನುವವರಿದ್ದಾರೆ, ನನಗಂತೂ ಅದೇ ಇಷ್ಟ.

ಇನ್ನೊಂದು ಮಾತು. ಐಬಿಯು ಜಾಸ್ತಿ ಇದ್ದರೆ ನಾಲಿಗೆಗೂ ಅಷ್ಟೇ ಕಹಿ ಅಂತ ಲೇಖನದಲ್ಲಿದೆ. ಹಾಗೇನಿಲ್ಲ. ಸಿಹಿ ಉಳಿದಿರುವ ಸ್ಟೌಟ್ ಅನ್ನೋ ಗಟ್ಟಿ ಕಪ್ಪು ಬಿಯರ್‌ನಲ್ಲಿ 35 ಐಬಿಯು ಗೊತ್ತೇ ಆಗದಿರಬಹುದು, ತೆಳು ಲಾಗರ್‌ನಲ್ಲಿ ಅದೇ 35 ಚುರುಕ್ಕನ್ನುತ್ತದೆ. ಇನ್ನು ‘ಕಹಿ ಬೇಡ’ ಅಂತ ವೀಟ್ ಬಿಯರ್ ಕೇಳುವವರಿಗೆ: ಅದರಲ್ಲೂ 10–15 ಐಬಿಯು ಇರುತ್ತದೆ. ಅದನ್ನೂ ತೆಗೆದುಬಿಟ್ಟರೆ ಮಾಲ್ಟಿನ ಸಿಹಿಗೆ ಅರ್ಧ ಗ್ಲಾಸ್‌ನಲ್ಲೇ ಬಾಯಿ ಕಟ್ಟುತ್ತದೆ.

– ಬಿಯರ್ ತಯಾರಿಕೆಯಲ್ಲಿರುವ ಓದುಗ, ಬೆಂಗಳೂರು